ಇಪ್ಪತ್ತೊಂದರಲ್ಲಿ ಒಂದು ದಿನ

ನಮ್ಮ ದೊಡ್ಡಮ್ಮನ ಆಸ್ಪತ್ರೆ ಫೈಲಿನ ರಟ್ಟಿನ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದ ಎರಡು ಸಾಲು ಇನ್ನೂ ಅಳಿಸಿಲ್ಲ. ಒಂದು ‘100.4’. ಇನ್ನೊಂದು ‘12ರಿಂದ 19’. ಬರೆದವರು ಡಾಕ್ಟರಲ್ಲ, ಕ್ಯಾನ್ಸರಿಗೆ ಔಷಧಿ ಹಾಕುವ ಕಿಮೋ ವಾರ್ಡಿನ ಸಿಸ್ಟರ್. ಎರಡನೇ ಕಿಮೋ ಮುಗಿಸಿ ಬೆಂಗಳೂರಿನಿಂದ ಹಿರಿಯೂರಿನ ಬಸ್ಸು ಹಿಡಿಯುವ ಅವಸರದಲ್ಲಿದ್ದೆವು. ಸಿಸ್ಟರ್ ಬಿಡಲಿಲ್ಲ. “ಅಮ್ಮಾ, ಇವತ್ತು 5ನೇ ತಾರೀಖು. 12ರಿಂದ 19ರ ತನಕ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಜ್ವರ ನೋಡ್ಕೊಳ್ಳಿ. ಜ್ವರ ಈ 100.4 ಮುಟ್ಟಿದ್ರೆ ಮಾತ್ರೆ ನುಂಗಿ ಮಲಗ್ಬೇಡಿ. ಫೋನ್ ಮಾಡಿ, ಹೊರಟು ಬನ್ನಿ” ಅಂದರು. ದೊಡ್ಡಮ್ಮ “ಆಯ್ತು ಕಣಮ್ಮಾ” ಅಂದು ಸೆರಗಿನಲ್ಲಿ ಮುಖ ಒರೆಸಿಕೊಂಡರು. ಆಗ ಅವರಿಗೆ ಬೇಕಾಗಿದ್ದದ್ದು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು, ಅಷ್ಟೇ.

14ರ ರಾತ್ರಿ 101 ಬಂತು. ಪೇಟೆಯ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. “ಕಿಮೋ ಆದ್ಮೇಲೆ ಜ್ವರ ಬರೋದು ಮಾಮೂಲಿ” ಅಂತ ಸೊಂಟಕ್ಕೊಂದು ಇಂಜೆಕ್ಷನ್ ಚುಚ್ಚಿದರು. ಪ್ಯಾರಾಸಿಟಮಾಲ್ ಕೊಟ್ಟು ನಾಳೆ ಬನ್ನಿ ಅಂದರು. ಜ್ವರ ಇಳಿಯಿತು. ನಮಗೂ ಸಮಾಧಾನ. ಫೈಲಿನ ರಟ್ಟು ಕಣ್ಣಿಗೆ ಬಿದ್ದದ್ದು ಬೆಳಗಿನ ಜಾವ. ಸಿಸ್ಟರ್ ಕೊಟ್ಟ ನಂಬರಿಗೆ ಫೋನ್ ಮಾಡಿ, ಕಾರು ಮಾಡಿಕೊಂಡು ಬೆಂಗಳೂರು ಸೇರುವಷ್ಟರಲ್ಲಿ ದೊಡ್ಡಮ್ಮನಿಗೆ ಮಾತು ತೊದಲುತ್ತಿತ್ತು. ಸೋಂಕಿನ ಜೊತೆ ಹೋರಾಡುವ ಬಿಳಿ ಕಣಗಳ ಕೌಂಟ್ 300ಕ್ಕೆ ಇಳಿದಿತ್ತು. ಆರು ದಿನ ಆಸ್ಪತ್ರೆಯಲ್ಲಿದ್ದು ಉಳಿದುಕೊಂಡರು. ಇನ್ನೊಂದು ರಾತ್ರಿ ಕಾದಿದ್ದರೆ ಏನಾಗುತ್ತಿತ್ತೋ.

ಇದೆಲ್ಲ ಈಗ ಯಾಕೆ ನೆನಪಾಯಿತು ಅಂದರೆ, ಕಿಮೋ ಈಗ ಜಿಲ್ಲೆಗಳಿಗೆ ಬರುತ್ತಿದೆ. 2025ರ ಫೆಬ್ರುವರಿಯ ಕೇಂದ್ರ ಬಜೆಟ್ಟಿನಲ್ಲಿ, ಮೂರು ವರ್ಷದೊಳಗೆ ದೇಶದ ಎಲ್ಲ ಜಿಲ್ಲಾಸ್ಪತ್ರೆಗಳಲ್ಲೂ ಡೇ ಕೇರ್ ಕ್ಯಾನ್ಸರ್ ಕೇಂದ್ರ ಮಾಡುತ್ತೇವೆ, ಮೊದಲ ವರ್ಷವೇ 200 ಅಂತ ಘೋಷಣೆಯಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ನಮ್ಮ ರಾಜ್ಯ ಸರ್ಕಾರ 16 ಜಿಲ್ಲೆಗಳಲ್ಲಿ ಡೇ ಕೇರ್ ಕಿಮೋ ಕೇಂದ್ರಗಳನ್ನು ಶುರು ಮಾಡಿತು. ಯಾವ ಔಷಧಿ, ಎಷ್ಟು ಅನ್ನುವುದನ್ನು ದೊಡ್ಡ ಆಸ್ಪತ್ರೆಯ ತಜ್ಞರು ಗೊತ್ತುಮಾಡುತ್ತಾರೆ. ಮುಂದಿನ ಸೈಕಲ್‌ಗಳನ್ನು, ಅಂದರೆ ಮುಂದಿನ ಸುತ್ತುಗಳನ್ನು, ರೋಗಿ ತನ್ನ ಜಿಲ್ಲೆಯಲ್ಲೇ ತೆಗೆದುಕೊಳ್ಳಬಹುದು. ಬೆಳಿಗ್ಗೆ ಬಂದು ಸಂಜೆ ಮನೆಗೆ.

ಇದು ತುಂಬಾ ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. 2022ರಲ್ಲಿ ದೇಶದಲ್ಲಿ ಹೊಸದಾಗಿ ಕ್ಯಾನ್ಸರ್ ಬಂದವರು ಸುಮಾರು 14.6 ಲಕ್ಷ ಅನ್ನುವುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಂದಾಜು. ಕಿದ್ವಾಯಿ ಆಸ್ಪತ್ರೆ 1973ರಲ್ಲಿ ಶುರುವಾದಾಗಿನಿಂದಲೂ ರಾಜ್ಯದ ಬಡವರಿಗೆ ಕ್ಯಾನ್ಸರ್ ಅಂದರೆ ಬೆಂಗಳೂರು. ಡೈರಿ ಸರ್ಕಲ್ ಹತ್ತಿರ ಇಳಿದು, ಚೀಲ ಹೊತ್ತು, ಧರ್ಮಶಾಲೆಯಲ್ಲಿ ಜಾಗ ಸಿಗುತ್ತಾ ಅಂತ ಕೇಳುವುದು. ಕಿಮೋಗಿಂತ ಓಡಾಟಕ್ಕೇ ಹೆದರಿ, ಅರ್ಧಕ್ಕೆ ಬಿಟ್ಟವರು ಎಷ್ಟೋ ಜನ. ಅವರಿಗೆ ಜಿಲ್ಲಾಸ್ಪತ್ರೆಯ ಒಂದು ಕುರ್ಚಿ ಅಂದರೆ ಸಣ್ಣ ವಿಷಯವಲ್ಲ.

ಆದರೆ ಒಂದು ಲೆಕ್ಕ ನೋಡಿ. ಸಾಮಾನ್ಯವಾಗಿ ಒಂದು ಕಿಮೋ ಸೈಕಲ್ ಅಂದರೆ 21 ದಿನ. ಅದರಲ್ಲಿ ಡ್ರಿಪ್ ಹಾಕುವುದು ಒಂದು ದಿನ. ಉಳಿದ 20 ದಿನ ರೋಗಿ ಮನೆಯಲ್ಲಿರುತ್ತಾರೆ. ನಾವು ಜಿಲ್ಲೆಗೆ ತಂದಿರುವುದು ಆ ಒಂದು ದಿನವನ್ನು. ಅನಾಹುತಗಳು ಆಗುವುದು ಹೆಚ್ಚಾಗಿ ಉಳಿದ ಇಪ್ಪತ್ತರಲ್ಲಿ. ಆ ಇಪ್ಪತ್ತು ದಿನ ನೋಡಿಕೊಳ್ಳಬೇಕಾದವರು ನರ್ಸ್‌ಗಳು. ಉದ್ಘಾಟನೆಯ ಫೋಟೊಗಳಲ್ಲಿ ಕುರ್ಚಿಗಳು ಚೆನ್ನಾಗಿ ಕಾಣುತ್ತವೆ. ಅವರು ಹಿಂದಿನ ಸಾಲಿನಲ್ಲಿ ಎಲ್ಲೋ ಇರುತ್ತಾರೆ.

ಆ ‘12ರಿಂದ 19’ ಎಲ್ಲಿಂದ ಬಂತು? ಹಳೆಯ ಕಾಲದಿಂದ ಬಳಸುತ್ತಿರುವ ಕಿಮೋ ಔಷಧಿಗಳಿಗೆ ಕ್ಯಾನ್ಸರ್ ಕಣ ಯಾವುದು, ನಮ್ಮ ಕಣ ಯಾವುದು ಅಂತ ಸರಿಯಾಗಿ ಗೊತ್ತಾಗುವುದಿಲ್ಲ. ಬೇಗ ಬೇಗ ಹುಟ್ಟುವ ಕಣ ಕಂಡರೆ ಹೊಡೆಯುತ್ತವೆ. ಗಡ್ಡೆಯ ಕಣ ಬೇಗ ಹುಟ್ಟುತ್ತದೆ, ನಿಜ. ಕೂದಲ ಬೇರು, ಬಾಯಿಯ ಒಳಪದರ, ಕರುಳಿನ ಒಳಪದರ, ಮೂಳೆಯೊಳಗಿನ ಮಜ್ಜೆ ಕೂಡ ಹಾಗೇ. ಕೂದಲು ಉದುರುವುದು, ಬಾಯಿ ಹುಣ್ಣು, ಭೇದಿ, ಕೌಂಟ್ ಇಳಿಯುವುದು, ಎಲ್ಲದರ ಮೂಲ ಒಂದೇ. ಮಜ್ಜೆಗೆ ಪೆಟ್ಟು ಬಿದ್ದ ತಕ್ಷಣ ರಕ್ತದಲ್ಲಿ ಗೊತ್ತಾಗುವುದಿಲ್ಲ. ಮೊದಲೇ ತಯಾರಾಗಿರುವ ಬಿಳಿ ಕಣಗಳು ಕೆಲವು ದಿನ ಓಡುತ್ತವೆ. ಅವು ಖಾಲಿಯಾಗಿ ಹೊಸವು ಬರದೆ ಇರುವ ಹೊತ್ತು ಸುಮಾರು 7ರಿಂದ 14ನೇ ದಿನ. ರೋಗಿಗೆ ಆಗ ಸ್ವಲ್ಪ ಚೇತರಿಸಿಕೊಂಡ ಹಾಗೆ ಅನಿಸುತ್ತಿರುತ್ತದೆ. ವಾಂತಿ ನಿಂತಿರುತ್ತದೆ. “ಪರವಾಗಿಲ್ಲ, ಮದುವೆಗೆ ಹೋಗಿ ಬರೋಣ” ಅನ್ನುವುದೂ ಆ ವಾರವೇ.

ಸೋಂಕಿನ ಜೊತೆ ಹೋರಾಡುವ ಬಿಳಿ ಕಣಗಳು ನ್ಯೂಟ್ರೊಫಿಲ್‌ಗಳು. ಅವು 500ಕ್ಕಿಂತ ಕೆಳಗೆ ಬಂದರೆ ಕೀವು ಕಟ್ಟುವುದಕ್ಕೂ ಕಣ ಇರುವುದಿಲ್ಲ. ಕೆಂಪಾಗುವುದಿಲ್ಲ, ಊದಿಕೊಳ್ಳುವುದಿಲ್ಲ. ಎಷ್ಟೋ ಸಲ ಹೊರಗೆ ಕಾಣುವ ಗುರುತು ಜ್ವರ ಒಂದೇ. ಪ್ಯಾರಾಸಿಟಮಾಲ್ ಆ ಒಂದು ಗುರುತನ್ನೂ ಅಳಿಸಿಹಾಕುತ್ತದೆ. ಇಂಥ ಜ್ವರದಲ್ಲಿ ರೋಗಿ ಬಾಗಿಲಿಗೆ ಬಂದ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆಂಟಿಬಯೋಟಿಕ್ ಹೋಗಬೇಕು ಅನ್ನುವುದು ಕ್ಯಾನ್ಸರ್ ಚಿಕಿತ್ಸೆಯ ಮುಖ್ಯ ಮಾರ್ಗಸೂಚಿಗಳು ಹೇಳುವ ನಿಯಮ. ರಕ್ತ ಸೋರುವುದನ್ನು ನಿಲ್ಲಿಸುವ ಪ್ಲೇಟ್‌ಲೆಟ್ ಕೂಡ ಇಳಿದಿರಬಹುದು. ಹಾಗಾಗಿ ಸೊಂಟಕ್ಕೆ ಇಂಜೆಕ್ಷನ್ ಚುಚ್ಚುವುದೂ ಅಪಾಯ, ಮಾಂಸದೊಳಗೆ ರಕ್ತ ಸೋರಿ ತುಂಬಿಕೊಳ್ಳಬಹುದು. ನಮ್ಮ ಪೇಟೆಯ ಕ್ಲಿನಿಕ್ ಒಂದೇ ರಾತ್ರಿಯಲ್ಲಿ ಎರಡು ತಪ್ಪು ಮಾಡಿತ್ತು. ಅವರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ, ಅಲ್ವಾ?

ಡ್ರಿಪ್ ಹಾಕುವ ಆ ಒಂದು ದಿನದಲ್ಲೂ ಸುಲಭದ ಕೆಲಸ ಕಡಿಮೆಯೇ. ಮೊದಲು ತಕ್ಕಡಿ. ಕಿಮೋ ಡೋಸನ್ನು ಎತ್ತರ, ತೂಕ ಎರಡೂ ಸೇರಿಸಿ ಮೈಯ ಹೊರಮೈ ಅಳತೆಯಲ್ಲಿ ಲೆಕ್ಕ ಹಾಕುತ್ತಾರೆ. 152 ಸೆಂಟಿಮೀಟರ್ ಎತ್ತರ, 48 ಕೆಜಿ ತೂಕ ಇದ್ದರೆ ಸುಮಾರು 1.42 ಚದರ ಮೀಟರ್. ಸ್ತನ ಕ್ಯಾನ್ಸರಿಗೆ ಕೊಡುವ ಡಾಕ್ಸೊರುಬಿಸಿನ್ ಚದರ ಮೀಟರಿಗೆ 60 ಮಿಲಿಗ್ರಾಂ ಅಂದರೆ 85 ಮಿಲಿಗ್ರಾಂ. ಊಟ ಸೇರದೆ ತೂಕ 42ಕ್ಕೆ ಇಳಿದರೆ ಡೋಸ್ 80ಕ್ಕೆ ಇಳಿಯಬೇಕು. ಹಳೇ ಚೀಟಿ ನೋಡಿ ಅದೇ ತೂಕ ಬರೆದರೆ ಜಾಸ್ತಿ ಹೋಗುತ್ತದೆ. ಆಮೇಲೆ ಹೆಸರು, ಔಷಧಿ, ಡೋಸ್ ಮೂರನ್ನೂ ಇಬ್ಬರು ಬೇರೆ ಬೇರೆಯಾಗಿ ನೋಡಬೇಕು. ಒಬ್ಬರು ಓದಿ ಇನ್ನೊಬ್ಬರು ‘ಹೂಂ’ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ.

ಡಾಕ್ಸೊರುಬಿಸಿನ್ ಕೆಂಪಗೆ, ರೂಹಫ್ಜಾ ಥರ ಇರುತ್ತದೆ. ಅದು ರಕ್ತನಾಳದಿಂದ ಹೊರಗೆ ಸೋರಿದರೆ ಚರ್ಮ, ಮಾಂಸ ಎರಡನ್ನೂ ಕೊಳೆಸುತ್ತದೆ. ನಮ್ಮ ಸಿಸ್ಟರ್ ಅದನ್ನು ಹಾಕುತ್ತಿದ್ದ ರೀತಿ ನಾನು ಮರೆತಿಲ್ಲ. ಪಕ್ಕದಲ್ಲಿ ಗ್ಲುಕೋಸ್ ಧಾರಾಳವಾಗಿ ಇಳಿಯುತ್ತಿರಬೇಕು. ಸಿರಿಂಜಿನಿಂದ ಸ್ವಲ್ಪ ಒತ್ತುವುದು, ಹಿಂದಕ್ಕೆ ಎಳೆದು ರಕ್ತ ಬರುತ್ತಿದೆಯಾ ನೋಡುವುದು, ಮತ್ತೆ ಸ್ವಲ್ಪ ಒತ್ತುವುದು. ಕಣ್ಣು ದೊಡ್ಡಮ್ಮನ ಕೈ ಮೇಲೆ. “ಉರಿ ಆಗ್ತಿದೆಯಾ ಅಮ್ಮಾ? ಸುಮ್ನೆ ತಡ್ಕೋಬೇಡಿ, ಹೇಳಿ.” ಹಳ್ಳಿ ಹೆಂಗಸರು ಹೇಳುವುದಿಲ್ಲ, ತಡೆದುಕೊಳ್ಳುತ್ತಾರೆ. ಅದು ಸಿಸ್ಟರಿಗೆ ಗೊತ್ತು. ಆಮೇಲೆ ಗುಟ್ಟಿನಲ್ಲಿ ಹೇಳುವ ಹಾಗೆ, “ನಾಳೆ ಉಚ್ಚೆ ಕೆಂಪಗೆ ಹೋಗುತ್ತೆ, ರಕ್ತ ಅಲ್ಲ, ಈ ಔಷಧಿದೇ ಬಣ್ಣ” ಅಂದರು. ಆ ಒಂದು ಮಾತು ಹೇಳದೆ ಇದ್ದಿದ್ದರೆ ಮಾರನೇ ದಿನ ಮನೆಯಲ್ಲಿ ಗೋಳಾಟ ಆಗುತ್ತಿತ್ತು.

ಹೀಗೆ ಒಂದೊಂದು ಔಷಧಿಗೂ ಒಂದೊಂದು ಗುಣ. ಪ್ಯಾಕ್ಲಿಟ್ಯಾಕ್ಸೆಲ್ ಹಾಕಿದ ಮೊದಲ ಹತ್ತು–ಹದಿನೈದು ನಿಮಿಷ ಸಿಸ್ಟರ್ ಪಕ್ಕದಲ್ಲೇ ಇರಬೇಕು. ಅಲರ್ಜಿಯಾಗಿ ಉಸಿರು ಕಟ್ಟಿದರೆ ಆಗಲೇ ಕಟ್ಟುವುದು. ಸಿಸ್‌ಪ್ಲಾಟಿನ್ ಕಿಡ್ನಿಗೆ ಹೊಡೆಯುತ್ತದೆ. ಅದರ ಹಿಂದೆ ಮುಂದೆ ನೀರು ಹರಿಸಿ, ಉಚ್ಚೆ ಎಷ್ಟು ಹೋಯಿತು ಅಂತ ಅಳೆಯಬೇಕು. ಆಕ್ಸಾಲಿಪ್ಲಾಟಿನ್ ಆದವರು ಕೆಲವು ದಿನ ಫ್ರಿಜ್ ಬಾಗಿಲು ಮುಟ್ಟಿದರೂ ಬೆರಳು ಜುಂ ಅನ್ನುತ್ತದೆ, ತಣ್ಣೀರು ಕುಡಿದರೆ ಗಂಟಲು ಹಿಡಿದ ಹಾಗಾಗುತ್ತದೆ. ವಿನ್‌ಕ್ರಿಸ್ಟಿನ್ ವಿಷಯವಂತೂ ಮೈ ನಡುಗಿಸುತ್ತದೆ. ರಕ್ತನಾಳಕ್ಕೆ ಹೋಗಬೇಕಾದದ್ದನ್ನು ಕೈತಪ್ಪಿ ಬೆನ್ನುಹುರಿಯ ನೀರಿಗೆ ಚುಚ್ಚಿದರೆ ರೋಗಿ ಉಳಿಯುವುದು ತೀರಾ ಅಪರೂಪ. ಅದಕ್ಕೇ ಅದನ್ನು ಸಿರಿಂಜಿನಲ್ಲಿ ಇಡಬೇಡಿ, ಸಣ್ಣ ಡ್ರಿಪ್ ಚೀಲದಲ್ಲೇ ಬೆರೆಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಚೀಲವನ್ನು ಬೆನ್ನಿಗೆ ಚುಚ್ಚಲು ಆಗುವುದಿಲ್ಲವಲ್ಲ. ಸಾದಾ ಉಪಾಯ.

ಇನ್ನು ಮನೆ. ವಾಂತಿಗೆ ಈಗ ಒಳ್ಳೆಯ ಮಾತ್ರೆಗಳಿವೆ. ಅದರಲ್ಲಿ ಒಲಾಂಜಪಿನ್ ಅನ್ನುವುದೂ ಒಂದು. ಮೆಡಿಕಲ್ ಶಾಪಿನವರು ಅದನ್ನು ನೋಡಿ “ಇದು ತಲೆ ಕೆಟ್ಟವರಿಗೆ ಕೊಡೋದು” ಅಂದುಬಿಡುತ್ತಾರೆ, ಮನೆಯವರು ಕಸಕ್ಕೆ ಹಾಕುತ್ತಾರೆ. ಮೊದಲೇ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಬಾಯಿ ಹುಣ್ಣಿಗೆ ದುಬಾರಿ ಔಷಧಿಗಿಂತ ಮೊದಲು ಬೇಕಾದದ್ದು ಮೆತ್ತನೆಯ ಬ್ರಷ್ಷು. ಜೊತೆಗೆ ಒಂದು ಲೋಟ ಉಗುರು ಬೆಚ್ಚಗಿನ ನೀರಿಗೆ ಕಾಲು ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡಾ ಹಾಕಿ ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸುವುದು. ಊಟಕ್ಕೆ ನಮ್ಮ ಕಡೆ ಅದೃಷ್ಟ ಇದೆ. ಮುದ್ದೆಯನ್ನು ಅಗಿಯುವುದೇ ಬೇಡ, ನುಂಗಿದರಾಯಿತು. ಆದರೆ ಜೊತೆಗೆ ಬಸ್ಸಾರಿನ ಖಾರ ಕೊಡುತ್ತೇವಲ್ಲ, ಅಲ್ಲಿ ಕೆಡುತ್ತದೆ. ದೊಡ್ಡಮ್ಮ ಖಾರ ಇಲ್ಲದ ತೊವ್ವೆಯಲ್ಲಿ ಮುದ್ದೆ ಅದ್ದಿ ನುಂಗಿ, “ಇದೊಂದು ಊಟಾನಾ” ಅಂತ ಬೈದುಕೊಂಡೇ ಆರು ತಿಂಗಳು ತಳ್ಳಿದರು.

ಔಷಧಿ ಎರಡು ದಿನದವರೆಗೂ ಉಚ್ಚೆ, ವಾಂತಿಯಲ್ಲಿ ಹೊರಗೆ ಬರುತ್ತಿರುತ್ತದೆ. ಕಕ್ಕಸು ತೊಳೆಯುವವರು, ಬಟ್ಟೆ ಒಗೆಯುವವರು ಆ 48 ಗಂಟೆ ಗ್ಲೌಸ್ ಹಾಕಿಕೊಳ್ಳಬೇಕು. ಮನೆಯಲ್ಲಿ ಬಸುರಿ ಸೊಸೆ ಇದ್ದರೆ ಆ ಕೆಲಸ ಅವಳಿಗೆ ಬೇಡ. ಇದನ್ನು ಹೇಳುವಾಗಲೇ, ಕ್ಯಾನ್ಸರ್ ಅಂಟುರೋಗ ಅಲ್ಲ, ತಟ್ಟೆ ಲೋಟ ಬೇರೆ ಇಡಬೇಡಿ, ಮೊಮ್ಮಗುವನ್ನು ಎತ್ತಿಕೊಳ್ಳಲು ಬಿಡಿ ಅಂತಲೂ ಹೇಳಬೇಕು. ಎರಡನ್ನೂ ಒಟ್ಟಿಗೆ ಹೇಳುವುದು ಕಷ್ಟ. ಅರ್ಧ ಹೇಳಿದರೆ ಮೈಲಿಗೆಯ ಥರ ಆಗಿಬಿಡುತ್ತದೆ.

ನಾಟಿ ಔಷಧಿಯ ವಿಷಯವೂ ಇದೆ. ಸಾಗರ ತಾಲ್ಲೂಕಿನ ನರಸೀಪುರದಲ್ಲಿ ಕ್ಯಾನ್ಸರಿನ ಬೇರು–ತೊಗಟೆಗೆ ಜನ ರಾತ್ರಿಯಿಂದಲೇ ಸಾಲು ನಿಲ್ಲುತ್ತಿದ್ದುದು ಗೊತ್ತಿಲ್ಲದವರು ಯಾರಿದ್ದಾರೆ? ಡಾಕ್ಟರ್ ಬೈಯುತ್ತಾರೆ ಅಂತ ಕಷಾಯದ ಮಾತು ಎತ್ತುವುದಿಲ್ಲ. ಸಿಸ್ಟರ್ ಹತ್ತಿರ ಬಾಯಿಬಿಡುತ್ತಾರೆ. ಲಿವರ್ ಪರೀಕ್ಷೆ ಯಾಕೆ ಏರುಪೇರಾಯಿತು ಅನ್ನುವ ಒಗಟು ಎಷ್ಟೋ ಸಲ ಬಿಡಿಸುವುದು ಆ ಮಾತಿನಲ್ಲೇ.

ಕಿಮೋ ಒಂದೇ ದಾರಿಯಲ್ಲ ಅನ್ನುವುದು ಗೊತ್ತೇ ಇದೆ. ಆಪರೇಷನ್ ಇದೆ, ರೇಡಿಯೇಷನ್ ಇದೆ. ರೇಡಿಯೇಷನ್ನನ್ನು ನಮ್ಮ ಜನ ‘ಕರೆಂಟ್ ಕೊಡೋದು’ ಅನ್ನುತ್ತಾರೆ. ಈ ಹೆಸರಿನಿಂದಲೇ ಅರ್ಧ ಜನ ಹೆದರುತ್ತಾರೆ, ಶಾಕ್ ಹೊಡೆಯುತ್ತೆ ಅಂತ. ಹೊಡೆಯುವುದಿಲ್ಲ, ನೋವೂ ಇರುವುದಿಲ್ಲ. ಆದರೆ ವಾರಕ್ಕೆ ಐದು ದಿನ, ಐದಾರು ವಾರ ಬಿಡದೆ ಬರಬೇಕು. ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಕರೆಂಟು, ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್, ಒಳಗಿನಿಂದ ಕರೆಂಟ್ ಕೊಡುವ ಬ್ರಾಕಿಥೆರಪಿ ಎಲ್ಲ ಸೇರಿ ಎಂಟು ವಾರದೊಳಗೆ ಮುಗಿಯಬೇಕು. ಎಳೆದಷ್ಟೂ ಫಲ ಕಡಿಮೆ. ಹಬ್ಬಕ್ಕೆ ಊರಿಗೆ ಹೋಗಿ ಹತ್ತು ದಿನ ಬಿಟ್ಟು ಬಂದರೆ ಏನು ನಷ್ಟ ಅನ್ನುವುದನ್ನು ಮೊದಲ ದಿನವೇ ಕೂರಿಸಿ ಹೇಳಬೇಕು. ಮೈ ಮೇಲೆ ಹಾಕಿದ ಶಾಯಿಯ ಗುರುತು ಉಜ್ಜಬಾರದು, ಆ ಜಾಗಕ್ಕೆ ಅರಿಶಿನ, ಎಣ್ಣೆ ಹಚ್ಚಬಾರದು ಅನ್ನುವುದನ್ನೂ.

ನನಗೆ ಅತಿ ಇಷ್ಟವಾದ ಕ್ಯಾನ್ಸರ್ ಸಲಕರಣೆ ಐಸ್‌ಕ್ರೀಂ ಕಡ್ಡಿ. ನಗಬೇಡಿ. ಬಾಯಿ ಕ್ಯಾನ್ಸರಿನ ಎಷ್ಟೋ ಜನರಿಗೆ ಅಡಿಕೆ, ಗುಟ್ಕಾ ಹಾಕಿ ಹಾಕಿ ಮೊದಲೇ ಬಾಯಿ ಬಿಗಿದುಕೊಂಡಿರುತ್ತದೆ. ಕರೆಂಟ್ ಕೊಟ್ಟ ಮೇಲೆ ಇನ್ನೂ ಬಿಗಿಯುತ್ತದೆ. ಹಲ್ಲಿನ ನಡುವೆ ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿಟ್ಟು, ವಾರಕ್ಕೊಂದು ಹೆಚ್ಚಿಸುತ್ತಾ ಬಾಯಿ ಅಗಲಿಸುವ ವ್ಯಾಯಾಮ ಇದೆ. ಖರ್ಚು ಐದು ರೂಪಾಯಿಯೂ ಇಲ್ಲ. ಆದರೆ ಯಾರಾದರೂ ಪಕ್ಕದಲ್ಲಿ ಕೂತು ತೋರಿಸಿ, ಮುಂದಿನ ವಾರ “ಎಷ್ಟು ಕಡ್ಡಿ ಆಯ್ತು ಅಣ್ಣಾ?” ಅಂತ ಕೇಳಬೇಕು. ಕೇಳುವವರಿಲ್ಲದಿದ್ದರೆ ಮೂರನೇ ದಿನಕ್ಕೆ ನಿಲ್ಲುತ್ತದೆ. ಮೂಗಿನ ನಳಿಕೆಯಲ್ಲಿ ರಾಗಿ ಗಂಜಿ ಹಾಕುವುದೂ ಹಾಗೇ. ಸೋಸಿರಬೇಕು, ರೋಗಿ ಎದ್ದು ಕೂತಿರಬೇಕು, ಮುಗಿದ ಮೇಲೆ ನೀರು ಬಿಟ್ಟು ನಳಿಕೆ ತೊಳೆಯಬೇಕು. ಮಲಗಿಸಿ ಹಾಕಿದರೆ ಗಂಜಿ ಶ್ವಾಸಕೋಶಕ್ಕೆ ಹೋಗಬಹುದು.

ಹೊಸ ಚಿಕಿತ್ಸೆಗಳು ಬಂದ ಮೇಲೆ ನರ್ಸ್ ಕೆಲಸ ಕಡಿಮೆಯಾಯಿತು ಅಂದುಕೊಂಡರೆ ತಪ್ಪು. ಮುಂಬೈನ ಟಾಟಾ ಮೆಮೋರಿಯಲ್‌ನವರು 2022ರಲ್ಲಿ ಒಂದು ಮುಖ್ಯವಾದ ಅಧ್ಯಯನ ಪ್ರಕಟಿಸಿದರು. ವಾಸಿಯಾಗುವ ಹಂತ ದಾಟಿದ ಬಾಯಿ–ಗಂಟಲಿನ ಕ್ಯಾನ್ಸರಿನವರಿಗೆ ಮಾತ್ರೆಗಳ ಜೊತೆ ನಿವೊಲುಮ್ಯಾಬ್ ಅನ್ನುವ, ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರಿನ ಮೇಲೆ ಎಬ್ಬಿಸುವ ಇಮ್ಯುನೊಥೆರಪಿ ಔಷಧಿಯನ್ನು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟರು. ಮಾಮೂಲಿ ಡೋಸ್ ಎರಡು ವಾರಕ್ಕೊಮ್ಮೆ 240. ಒಂದು ವರ್ಷದ ಹೊತ್ತಿಗೆ ಬರೀ ಮಾತ್ರೆ ತಗೊಂಡವರಲ್ಲಿ ಬದುಕಿದ್ದವರು ಶೇ. 16. ಇದನ್ನೂ ಸೇರಿಸಿದವರಲ್ಲಿ ಶೇ. 43. ನಮ್ಮಂಥ ದೇಶಕ್ಕೆ ಇದು ದೊಡ್ಡ ಸುದ್ದಿ. ಈ ಔಷಧಿ ಕೂದಲು ಉದುರಿಸುವುದಿಲ್ಲ. ಆದರೆ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ಕರುಳು, ಥೈರಾಯ್ಡ್, ಶ್ವಾಸಕೋಶವನ್ನು ಕಡಿಯಬಹುದು, ಅದೂ ತಿಂಗಳುಗಳಾದ ಮೇಲೆ. ನಾಲ್ಕು ಸಲ ಭೇದಿಯಾದರೆ ಬೀದಿ ಬದಿ ತಿಂದದ್ದಲ್ಲ, ಔಷಧಿಯದು ಅಂತ ಅನುಮಾನ ಪಡಲು ಗೊತ್ತಿರಬೇಕು.

ಕಾರ್–ಟಿ ಅನ್ನುವುದು ಇನ್ನೂ ದೂರದ ಮಾತು. ರೋಗಿಯದೇ ಬಿಳಿ ಕಣ ತೆಗೆದು, ಲ್ಯಾಬಿನಲ್ಲಿ ಪಳಗಿಸಿ ವಾಪಸ್ ಹಾಕುವುದು. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಮಾಡಿದ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿತು. 2025ರ ಜನವರಿಯಲ್ಲಿ ಬೆಂಗಳೂರಿನ ಇಮ್ಯುನೀಲ್ ಕಂಪನಿಯದೂ ಬಂತು. ಲಕ್ಷಾಂತರ ರೂಪಾಯಿಯ ಈ ಚಿಕಿತ್ಸೆಯಲ್ಲಿ ಮಿದುಳಿಗೆ ಪೆಟ್ಟು ಬೀಳುತ್ತಿದೆಯಾ ಅಂತ ಕಂಡುಹಿಡಿಯುವ ಪರೀಕ್ಷೆ ಯಾವುದು ಗೊತ್ತಾ? ಸಿಸ್ಟರ್ ದಿನಾ ಬಂದು ಒಂದು ಹಾಳೆ ಕೊಟ್ಟು ಒಂದು ವಾಕ್ಯ ಬರೆಸುತ್ತಾರೆ. ನೂರರಿಂದ ಹತ್ತತ್ತು ಕಳೆಯುತ್ತಾ ಎಣಿಸಿ ಅನ್ನುತ್ತಾರೆ. ಇದು ಯಾವ ಊರು, ಯಾವ ತಿಂಗಳು ಅಂತ ಕೇಳುತ್ತಾರೆ. ನಿನ್ನೆಯ ಅಕ್ಷರಕ್ಕೂ ಇವತ್ತಿನ ಅಕ್ಷರಕ್ಕೂ ವ್ಯತ್ಯಾಸ ಕಂಡರೆ ತಕ್ಷಣ ಡಾಕ್ಟರಿಗೆ ಫೋನ್ ಹೋಗುತ್ತದೆ.

ಆ ಇಪ್ಪತ್ತು ದಿನ ನೋಡಿಕೊಂಡರೆ ಏನು ಸಿಗುತ್ತದೆ ಅನ್ನುವುದಕ್ಕೆ ಲೆಕ್ಕವೂ ಇದೆ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ, ಕ್ಯಾನ್ಸರ್ ಹರಡಿದ್ದ 766 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಇನ್ನೊಂದು ಗುಂಪಿನವರು ನೋವು, ಸುಸ್ತು, ವಾಂತಿ ಎಷ್ಟಿದೆ ಅಂತ ಕಂಪ್ಯೂಟರಿನಲ್ಲಿ ಆಗಾಗ ತಿಳಿಸುತ್ತಿದ್ದರು. ಜಾಸ್ತಿಯಾದರೆ ನರ್ಸ್‌ಗೆ ಸಂದೇಶ ಹೋಗುತ್ತಿತ್ತು. 2017ರಲ್ಲಿ ಬಂದ ಫಲಿತಾಂಶದಲ್ಲಿ ಮೊದಲ ಗುಂಪಿನ ಅರ್ಧದಷ್ಟು ಜನ 26 ತಿಂಗಳು ದಾಟಿ ಬದುಕಿದ್ದರು, ಎರಡನೆಯದರಲ್ಲಿ ಅರ್ಧದಷ್ಟು ಜನ 31.2 ತಿಂಗಳು ದಾಟಿದ್ದರು. ಐದು ತಿಂಗಳ ಆಯಸ್ಸು. ಇಷ್ಟು ಕೊಡುವ ಹೊಸ ಔಷಧಿ ಬಂದರೆ ಪೇಪರಿನ ಮುಖಪುಟದಲ್ಲಿ ಬರುತ್ತದೆ, ಬೆಲೆಯೂ ಹಾಗೇ ಇರುತ್ತದೆ. ನಮಗೆ ಕಂಪ್ಯೂಟರ್ ಬೇಕಿಲ್ಲ. ವಾರಕ್ಕೊಂದು ಫೋನ್ ಸಾಕು, “ಅಮ್ಮಾ, ಜ್ವರ ನೋಡಿದ್ರಾ? ಊಟ ಸೇರ್ತಿದೆಯಾ?” ಅಂತ.

ಆ ಫೋನ್ ಮಾಡುವವರು ಯಾರು ಅನ್ನುವುದೇ ಪ್ರಶ್ನೆ. ಜಿಲ್ಲಾಸ್ಪತ್ರೆಯಲ್ಲಿ ಸ್ಟಾಫ್ ನರ್ಸ್‌ಗಳು ವಾರ್ಡಿನಿಂದ ವಾರ್ಡಿಗೆ ತಿರುಗುತ್ತಾರೆ. ಇವತ್ತು ಕಿಮೋ, ಮೂರು ತಿಂಗಳಿಗೆ ಹೆರಿಗೆ ವಾರ್ಡು. ಹೆರಿಗೆಯೂ ದೊಡ್ಡ ವಿದ್ಯೆಯೇ. ಆದರೆ ಕೆಂಪು ಔಷಧಿ ಸೋರಿದರೆ ತಣ್ಣನೆ ಪ್ಯಾಕ್ ಇಡಬೇಕು, ವಿನ್‌ಕ್ರಿಸ್ಟಿನ್ ಸೋರಿದರೆ ಬಿಸಿ ಇಡಬೇಕು, ತಿರುಗಾಮುರುಗಾ ಮಾಡಿದರೆ ಗಾಯ ಹೆಚ್ಚುತ್ತದೆ ಅನ್ನುವಂಥ ವಿಷಯ ಕೈಗೆ ಹತ್ತಲು ವರ್ಷಗಳು ಬೇಕು. ದೊಡ್ಡ ಆಸ್ಪತ್ರೆಯಲ್ಲಿ ಕೆಲವು ವಾರ ತರಬೇತಿ ಕೊಟ್ಟು ಕಳಿಸಿದವರನ್ನು ಕನಿಷ್ಠ ಎರಡು–ಮೂರು ವರ್ಷ ಆ ಕುರ್ಚಿಗಳ ಪಕ್ಕದಿಂದ ಅಲುಗಾಡಿಸಬಾರದು. ನನ್ನ ಕೈಗೆ ಅಧಿಕಾರ ಕೊಟ್ಟರೆ ಮೊದಲು ಮಾಡುವುದು ಅದನ್ನೇ. ಎರಡನೆಯದು, ಔಷಧಿ ಬೆರೆಸಲು ಗಾಳಿ ಸೋಸುವ ಕ್ಯಾಬಿನೆಟ್ಟು, ಜೋಡಿ ಗ್ಲೌಸು. ದಿನಾ ಇದನ್ನು ಮುಟ್ಟುವ ಸಿಸ್ಟರ್‌ಗಳ ಮೈಯೂ ಮೈಯೇ. ಮೂರನೆಯದು, ಆ ಇಪ್ಪತ್ತು ದಿನ ರಾತ್ರಿಯಲ್ಲೂ ಎತ್ತುವ ಒಂದು ಫೋನು. ಹಾಗೇ ತಾಲ್ಲೂಕಿನ ಎಲ್ಲ ಕ್ಲಿನಿಕ್ಕುಗಳಿಗೂ ಒಂದು ಹಾಳೆ: ಕಿಮೋ ರೋಗಿಗೆ ಜ್ವರ ಬಂದರೆ ಏನು ಮಾಡಬೇಕು, ಏನು ಮಾಡಬಾರದು.

ವಾಸಿಯಾಗದವರಿಗೆ ಬೇಕಾದದ್ದು ನೋವಿಲ್ಲದ ದಿನಗಳು. ಅದಕ್ಕೆ ಮಾರ್ಫಿನ್ ಮಾತ್ರೆ ಇದೆ, ಅಗ್ಗವಾಗಿಯೂ ಇದೆ. ಮಾದಕವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾಗಿ ಆಸ್ಪತ್ರೆಗಳು ಅದನ್ನು ತರಿಸಿಕೊಳ್ಳುವುದು ಮೊದಲಿಗಿಂತ ಸುಲಭವಾಗಿದೆ. ನಾಲ್ಕು ಗಂಟೆಗೊಮ್ಮೆ, ನೋವು ಬರುವ ಮೊದಲೇ ಕೊಡಬೇಕು, ಜೊತೆಗೆ ಮಲಬದ್ಧತೆಗೆ ಔಷಧಿ ತಪ್ಪದೆ ಇರಬೇಕು. ಬೆಂಗಳೂರಿನ ಕರುಣಾಶ್ರಯದಲ್ಲಿ 1999ರಿಂದ ಇಂಥವರನ್ನು ದುಡ್ಡಿಲ್ಲದೆ ನೋಡಿಕೊಳ್ಳುತ್ತಿದ್ದಾರೆ. ಜಿಲ್ಲೆಗಳಲ್ಲಿ ಅಂಥದ್ದು ಕಟ್ಟಲು ಕಾಲ ಹಿಡಿಯಬಹುದು. ಮಾತ್ರೆ ಇಡಲು ಕಾಲ ಬೇಕಿಲ್ಲ.

ಮೊನ್ನೆ ನಮ್ಮ ಬೀದಿಯವರೊಬ್ಬರಿಗೆ ಕಿಮೋ ಅಂತ ನಮ್ಮ ಕಡೆಯ ಒಂದು ಜಿಲ್ಲಾಸ್ಪತ್ರೆಗೆ ಜೊತೆಗೆ ಹೋಗಿದ್ದೆ. ಕೋಣೆ ಚೊಕ್ಕಟವಾಗಿತ್ತು. ಕುರ್ಚಿಗಳ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರಲಿಲ್ಲ. ಔಷಧಿ ಇತ್ತು, ಒಂದು ರೂಪಾಯಿಯೂ ಕೇಳಲಿಲ್ಲ. ಸಂಜೆ ಹೊರಡುವಾಗ ಕೇಳಿದೆ, “ಸಿಸ್ಟರ್, ರಾತ್ರಿ ಜ್ವರ ಬಂದ್ರೆ ಯಾವ ನಂಬರಿಗೆ ಮಾಡ್ಬೇಕು?” ಅವರು ಒಂದು ಕ್ಷಣ ಗೋಡೆಯ ಮೇಲಿನ ಬೋರ್ಡು ನೋಡಿದರು. ಅಲ್ಲಿ ನಂಬರ್ ಇರಲಿಲ್ಲ. ಆಮೇಲೆ ಚೀಟಿಯ ಹಿಂದೆ ಹತ್ತು ಅಂಕಿ ಬರೆದುಕೊಟ್ಟರು.

“ಇದು ಆಸ್ಪತ್ರೆದಾ?”

“ಅಲ್ಲ ಸಾರ್, ನಂದೇ. ರಜಾ ಇದ್ರೂ ಎತ್ತುತ್ತೀನಿ.”